ಮುಯ್ಯಿ ಪಟ್ಟಿಯಲ್ಲಿ ನಮ್ಮ ಟ್ರಸ್ಟು

ಕೇಳುವ ಕೆಲಸ ಎಲ್ಲರಿಗೂ ಒಗ್ಗುವುದಿಲ್ಲ. ಕೆಲವರಿಗೆ ಅದು ಹುಟ್ಟಿನಿಂದಲೇ ಬಂದಿರುತ್ತದೆ. ನಮ್ಮ ಬೀದಿಯ ಕೊನೆಯ ಮನೆಯಾಕೆ ಬಂದು ಒಂದು ಬಟ್ಟಲು ಸಕ್ಕರೆ ಕೇಳಿದರೆ, ಕೊಟ್ಟವರೇ ‘ಕಾಫಿಪುಡಿ ಇದೆಯಾ, ಇಲ್ಲದಿದ್ದರೆ ಅದೂ ಒಂದು ಚಮಚ ತಗೊಂಡು ಹೋಗಿ’ ಎಂದು ಉಪಚರಿಸಿ ಕಳಿಸುತ್ತಾರೆ. ಅದೇ ಸಕ್ಕರೆಯನ್ನು ನಾನು ಹೋಗಿ ಕೇಳಿದರೆ ನಮ್ಮ ಮನೆಯಲ್ಲಿ ಯಾರಿಗೋ ಏನೋ ಆಗಿದೆ ಎಂದು ಗಾಬರಿಯಾಗುತ್ತಾರೆ. ನನ್ನ ಮುಖವೇ ಹಾಗೆ. ಮೂವತ್ತೆರಡು ವರ್ಷ ಅರಸೀಕೆರೆ ಜಂಕ್ಷನ್ನಿನಲ್ಲಿ ಟಿಕೆಟ್ ಕೌಂಟರಿನ ಹಿಂದೆ ಕೂತು ‘ಇಲ್ಲ’, ‘ಆಗಲ್ಲ’, ‘ಪಕ್ಕದ ಕಿಟಕಿ’, ‘ಚಿಲ್ಲರೆ ಕೊಡಿ’ ಎಂಬ ನಾಲ್ಕೇ ಮಾತಿನಲ್ಲಿ ಸಂಸಾರ ಸಾಕಿದವನು ನಾನು. ಕೇಳುವವರನ್ನು ದಿನಾ ನೋಡಿದ್ದೇನೆ, ನಾನೇ ಕೇಳಿ ಅಭ್ಯಾಸವಿಲ್ಲ. ಇಂಥವನನ್ನು ನಿವೃತ್ತಿಯಾದ ಮೂರನೆಯ ತಿಂಗಳಿಗೇ ಹಿಡಿದು ಒಂದು ಟ್ರಸ್ಟಿನ ಕಾರ್ಯದರ್ಶಿ ಮಾಡಿದರು. ಅದಕ್ಕೆ ಕಾರಣ ನನ್ನ ಯೋಗ್ಯತೆಯಲ್ಲ. ನನಗೆ ಬಿಡುವಿತ್ತು, ನನ್ನ ಅಕ್ಷರ ದುಂಡಗಿತ್ತು. ‘ಬರೆಯೋ ಕೆಲಸ ಅಷ್ಟೇ, ಜಾಸ್ತಿ ಏನಿಲ್ಲ’ ಎಂದು ಹೇಳಿ ರಸೀತಿ ಪುಸ್ತಕವನ್ನು ನನ್ನ ಕೈಗಿಟ್ಟು ಹೋದವರು ಆಮೇಲೆ ಸಭೆಗಳಿಗೂ ಸರಿಯಾಗಿ ಬರಲಿಲ್ಲ.

ಟ್ರಸ್ಟು ಇರುವುದು ಹಳೇಬೀಡಿನಲ್ಲಿ. ಹಳೇಬೀಡು ಎಂದ ಕೂಡಲೇ ನಿಮಗೆ ಕಲ್ಲಿನ ಆನೆಗಳ ಸಾಲು ನೆನಪಾಗುತ್ತದೆ. ನಮ್ಮದು ಅದಕ್ಕೆ ಸಂಬಂಧವೇ ಇಲ್ಲದ ಹಾಗೆ, ಸಿಮೆಂಟ್ ಅಂಗಡಿಯೊಂದರ ಹಿಂದೆ ಬಾಡಿಗೆಗೆ ಹಿಡಿದ ಎರಡು ಕೋಣೆ. ಪ್ರವಾಸಿಗಳು ದಾರಿ ತಪ್ಪಿಯೂ ಅತ್ತ ಬರುವುದಿಲ್ಲ. ಹುಟ್ಟಿನಿಂದ ಕೈಕಾಲು ಬಿಗಿದುಕೊಂಡ ಹದಿನಾಲ್ಕು ಮಕ್ಕಳು ಸುತ್ತಲ ಹಳ್ಳಿಗಳಿಂದ ಅಲ್ಲಿಗೆ ಬರುತ್ತಾರೆ. ಹಾಸನದಿಂದ ವಾರಕ್ಕೆ ಮೂರು ದಿನ ಒಬ್ಬರು ಮೇಡಂ ಬಂದು ವ್ಯಾಯಾಮ ಮಾಡಿಸುತ್ತಾರೆ, ಎರಡು ಕಬ್ಬಿಣದ ಕಂಬಿಗಳ ನಡುವೆ ಮಕ್ಕಳನ್ನು ನಿಲ್ಲಿಸುತ್ತಾರೆ. ಹುಲಿಕೆರೆಯ ಚೈತ್ರ ಎಂಬ ಹುಡುಗಿಗೆ ಈಗ ಏಳು ವರ್ಷ, ಮೊದಲ ದಿನ ಅವಳು ತಾಯಿ ಜಯಮ್ಮನ ಸೊಂಟದಿಂದ ಕೆಳಗಿಳಿಯಲೇ ಒಪ್ಪಿರಲಿಲ್ಲ. ಒಂದೂವರೆ ವರ್ಷಕ್ಕೆ ಆ ಕಂಬಿ ಹಿಡಿದು ಹತ್ತು ಎಣಿಸುವವರೆಗೆ ನಿಂತಳು, ಆಮೇಲೆ ಇಪ್ಪತ್ತು ಎಣಿಸುವವರೆಗೆ. ಎಣಿಕೆ ಅವಳದೇ, ಹದಿನೈದರ ನಂತರ ಸ್ವಲ್ಪ ಜೋರಾಗಿ ಓಡುತ್ತಿತ್ತು. ‘ಒಂದು ತಿಂಗಳು ಬಿಟ್ರೂ ಕಾಲು ಮತ್ತೆ ಬಿಗೀತವೆ ಸಾರ್, ಮತ್ತೆ ಮೊದಲಿಂದ ಶುರು ಮಾಡಬೇಕು’ ಎಂದು ಮೇಡಂ ನನಗೆ ಹಲವು ಸಲ ಹೇಳಿದ್ದರು. ನಡೆಯಲಾರದ ಮಕ್ಕಳು ಬರಬೇಕಾದರೆ ವ್ಯಾನು ಬೇಕು. ವ್ಯಾನಿಗೆ ಡೀಸೆಲ್ಲು ಬೇಕು, ಡ್ರೈವರ್ ಬೇಕು, ವಿಮೆ ಬೇಕು. ಮಿಕ್ಕದ್ದೆಲ್ಲ ಹೇಗೋ ನಡೆಯುತ್ತದೆ, ವ್ಯಾನು ನಿಂತರೆ ಮಾತ್ರ ಎಲ್ಲವೂ ನಿಂತ ಹಾಗೆ.

ಜನರಿಗೆ ಕೊಡುವ ಮನಸ್ಸಿಲ್ಲ ಎಂದು ನಾನು ಹೇಳಲಾರೆ. ಕೊಡುತ್ತಾರೆ, ಆದರೆ ಗೋಡೆ ಗಡಿಯಾರ ಕೊಡುತ್ತಾರೆ. ಅದು ಯಾಕೆಂದು ಇವತ್ತಿಗೂ ನನಗೆ ಅರ್ಥವಾಗಿಲ್ಲ. ನಿವೃತ್ತರಾದವರು, ಚುನಾವಣೆ ಗೆದ್ದವರು, ಮಗನಿಗೆ ಮೆಡಿಕಲ್ ಸೀಟು ಸಿಕ್ಕವರು ಎಲ್ಲರೂ ಕೆಂಪಕ್ಷರದಲ್ಲಿ ಹೆಸರು ಬರೆಸಿದ ಒಂದೊಂದು ಗಡಿಯಾರ ತಂದು, ಮೊಳೆ ಹೊಡೆಸಿ, ಫೋಟೋ ತೆಗೆಸಿಕೊಂಡು ಹೋಗಿದ್ದಾರೆ. ಎರಡು ಕೋಣೆಗೆ ಹನ್ನೊಂದು ಗಡಿಯಾರ. ಸೆಲ್ಲು ಯಾರೂ ದಾನ ಮಾಡದೆ ಇರುವುದರಿಂದ ಅವು ಹನ್ನೊಂದೂ ಬೇರೆ ಬೇರೆ ಹೊತ್ತಿನಲ್ಲಿ ನಿಂತಿವೆ. ಒಂದನ್ನು ತೆಗೆದರೆ ಆ ದಾನಿ ಅವತ್ತೇ ಬರುತ್ತಾರೆ. ಡೀಸೆಲ್ಲಿನ ಮೇಲೆ ಹೆಸರು ಬರೆಸುವಂತಿದ್ದರೆ ನಮ್ಮ ವ್ಯಾನು ಇಷ್ಟು ಹೊತ್ತಿಗೆ ಕಾಶಿಗೆ ಹೋಗಿ ಬಂದಿರುತ್ತಿತ್ತು.

ವ್ಯಾನನ್ನು ನಿಜವಾಗಿ ಓಡಿಸುತ್ತಿದ್ದವರು ಒಬ್ಬರೇ. ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ರೇಣುಕಪ್ಪನವರು. ಅವರ ತಾಯಿಯ ತವರು ಹಳೇಬೀಡಿನ ಕಡೆಯಾದ್ದರಿಂದ ಆ ಊರಿನ ಹೆಸರಿಗೆ ಅವರ ಮನಸ್ಸು ಸ್ವಲ್ಪ ಮೆತ್ತಗಾಗುತ್ತಿತ್ತು. ಆಯುಧಪೂಜೆ ಕಳೆದ ಮೊದಲ ಸೋಮವಾರ ನಾನು ಅವರ ಮಂಡಿಗೆ ಹೋಗಬೇಕು. ಮೂಟೆಗಳ ಪಕ್ಕದ ಬೆಂಚಿನ ಮೇಲೆ ಒಂದು ಗಂಟೆ ಕೂರಬೇಕು. ಕೊಬ್ಬರಿಯ ಎಣ್ಣೆ ವಾಸನೆಗೆ ತಲೆ ಹಗುರಾಗುವ ಹೊತ್ತಿಗೆ ಅವರು ಕನ್ನಡಕದ ಮೇಲಿನಿಂದ ನೋಡಿ, ‘ಬಂದ್ರಾ ಸಾ? ಮಕ್ಳು ಹೆಂಗವ್ರೆ?’ ಎನ್ನಬೇಕು. ‘ಚೆನ್ನಾಗಿದ್ದಾರೆ’ ಎಂದು ನಾನು ಹೇಳಬೇಕು. ಅವರು ವರ್ಷದ ವ್ಯಾನಿನ ಖರ್ಚಿಗೆ ಒಂದು ಚೆಕ್ಕು ಬರೆದು ಕೊಡುತ್ತಿದ್ದರು, ನಾನು ದುಂಡಗೆ ಒಂದು ರಸೀತಿ ಬರೆದು ಕೊಡುತ್ತಿದ್ದೆ. ಆಮೇಲೆ ಮುಂದಿನ ಆಯುಧಪೂಜೆಯವರೆಗೆ ನಮ್ಮಿಬ್ಬರಲ್ಲಿ ಒಬ್ಬರ ನೆನಪು ಇನ್ನೊಬ್ಬರಿಗೆ ಇರುತ್ತಿರಲಿಲ್ಲ. ಎಷ್ಟು ಚೊಕ್ಕ ವ್ಯವಹಾರವಾಗಿತ್ತು ನೋಡಿ. ಅದನ್ನು ಕೈಯಾರೆ ಹಾಳು ಮಾಡಿದವನು ನಾನು.

ಹಾಳು ಮಾಡುವುದು ಹೇಗೆಂದು ಬೆಂಗಳೂರಿನಲ್ಲಿ ಹೇಳಿಕೊಟ್ಟರು. ಸಣ್ಣ ಸಂಸ್ಥೆಗಳ ಕಾರ್ಯದರ್ಶಿಗಳಿಗೆಂದು ಕಳೆದ ಶಿವರಾತ್ರಿಯ ಆಸುಪಾಸಿನಲ್ಲಿ ಒಂದು ದಿನದ ತರಬೇತಿ ಇತ್ತು, ಊಟ ಉಚಿತ. ಚುರುಕಾದ ಒಬ್ಬ ಹೆಣ್ಣುಮಗಳು ಗೋಡೆಯ ಮೇಲೆ ಚಿತ್ರ ಬಿಡುತ್ತಾ ಪಾಠ ಮಾಡಿದಳು. ‘ದಾನಿಗಳನ್ನು ದುಡ್ಡಿನ ಚೀಲ ಅಂತ ನೋಡಬೇಡಿ. ಬೇಕಾದಾಗ ಮಾತ್ರ ಫೋನ್ ಮಾಡಬೇಡಿ. ಅವರ ಸುಖದುಃಖದಲ್ಲಿ ಭಾಗಿಯಾಗಿ. ಸಂಬಂಧ ಬೆಳೆಸಿ, ಅವರು ನಿಮ್ಮ ಕುಟುಂಬದವರಾಗಬೇಕು. ಸಂಬಂಧ ಗಟ್ಟಿಯಾದರೆ ಕೇಳುವ ಪ್ರಸಂಗವೇ ಬರುವುದಿಲ್ಲ’ ಎಂದಳು. ಕೇಳುವ ಪ್ರಸಂಗವೇ ಬರುವುದಿಲ್ಲ! ನನ್ನಂಥವನಿಗೆ ಇದಕ್ಕಿಂತ ಸಿಹಿಯಾದ ಮಾತು ಇನ್ನೇನು ಬೇಕು? ಆ ಸಾಲಿನ ಕೆಳಗೆ ಎರಡು ಗೆರೆ ಎಳೆದುಕೊಂಡೆ. ವಾಪಸು ಬರುವಾಗ ರೈಲಿನಲ್ಲಿ ತುಮಕೂರು ದಾಟುವುದರೊಳಗೆ ನನ್ನ ಹೊಸ ಜೀವನದ ಯೋಜನೆ ಸಿದ್ಧವಾಗಿತ್ತು.

ಮೊದಲ ಪ್ರಯೋಗ ಬಿಕ್ಕೋಡಿನ ಕಡೆಯ ಒಬ್ಬ ಕಾಫಿ ಎಸ್ಟೇಟಿನ ಯಜಮಾನರ ಮೇಲೆ ನಡೆಯಿತು. ಅವರು ಹಿಂದಿನ ವರ್ಷ ಒಂದು ದಿನ ಮಕ್ಕಳಿಗೆಲ್ಲ ಪಾಯಸದ ಊಟ ಹಾಕಿಸಿದ್ದರು. ರಿಜಿಸ್ಟರಿನಲ್ಲಿ ತಾರೀಖು ಇತ್ತು, ಕಾರಣ ಇರಲಿಲ್ಲ. ಪಾಯಸ ಎಂದ ಮೇಲೆ ಹುಟ್ಟುಹಬ್ಬವೇ ಇರಬೇಕು ಎಂದು ನಾನೇ ತೀರ್ಮಾನಿಸಿದೆ. ಈ ಸಲ ಅದೇ ತಾರೀಖಿಗೆ ಬೆಳಿಗ್ಗೆಯೇ ಫೋನ್ ಮಾಡಿ, ಮಕ್ಕಳನ್ನು ಸುತ್ತ ಕೂರಿಸಿಕೊಂಡು, ಚಪ್ಪಾಳೆ ತಟ್ಟಿಸಿ, ‘ನೂರು ಕಾಲ ಸುಖವಾಗಿ ಬಾಳಿ’ ಎಂದು ಕೂಗಿಸಿದೆ. ‘ಹೋದ ವರ್ಷ ಅವತ್ತು ನಮ್ಮ ತಾಯಿಯ ತಿಥಿ ಇತ್ತು’ ಎಂದರು ಅವರು ತಣ್ಣಗೆ, ‘ಈ ವರ್ಷ ತಿಥಿ ಬಂದು ಹೋಗಿ ಹನ್ನೊಂದು ದಿನ ಆಯ್ತು.’ ಅಂದರೆ ನಾನು ತಪ್ಪು ಸಂದರ್ಭಕ್ಕೆ ಶುಭಾಶಯ ಹೇಳಿದ್ದೆ, ಅದನ್ನೂ ತಪ್ಪು ದಿನದಲ್ಲಿ ಹೇಳಿದ್ದೆ. ಪಂಚಾಂಗ ನೋಡಿ ತಿಥಿ ಮಾಡುವವರನ್ನು ಇಂಗ್ಲಿಷ್ ಕ್ಯಾಲೆಂಡರ್ ಹಿಡಿದು ಓಲೈಸಲು ಹೋಗುವುದು ನಮ್ಮಂಥ ರೈಲ್ವೆಯವರಿಗೆ ಮಾತ್ರ ಸಾಧ್ಯ. ಅವರ ಫೋನು ಈಗ ನನ್ನ ನಂಬರಿಗೆ ರಿಂಗಾಗುವುದೇ ಇಲ್ಲ.

ಆದರೂ ಬುದ್ಧಿ ಬರಲಿಲ್ಲ. ರೇಣುಕಪ್ಪನವರ ಮೇಲೆ ಬಿದ್ದೆ. ದಿನಾ ಬೆಳಿಗ್ಗೆ ಅವರ ವಾಟ್ಸ್‌ಆ್ಯಪಿಗೆ ಸೂರ್ಯೋದಯದ ಚಿತ್ರ ಕಳಿಸಿದೆ. ವಾರಕ್ಕೊಂದು ಸಲ ಸುಮ್ಮನೆ ಮಂಡಿಗೆ ಹೋಗಿ ಕುಳಿತು ಬಂದೆ. ಮೊದಲ ಎರಡು ವಾರ ಅವರು ‘ಆಯುಧಪೂಜೆ ಇನ್ನೂ ದೂರ ಐತಲ್ಲ ಸಾ?’ ಎಂದು ಅನುಮಾನದಿಂದ ನೋಡಿದರು. ‘ಸುಮ್ನೆ ಬಂದೆ, ಮಾತಾಡಿಸಿಕೊಂಡು ಹೋಗೋಣ ಅಂತ’ ಎಂದೆ. ಮಂಡಿಗೆ ಸುಮ್ಮನೆ ಬರುವ ಮನುಷ್ಯನನ್ನು ಅವರು ಅದುವರೆಗೆ ನೋಡಿರಲಿಲ್ಲ. ಕರಗಿಹೋದರು. ಕೊಬ್ಬರಿ ಧಾರಣೆ, ಮಂಡಿನೋವು, ತಮ್ಮಂದಿರ ಜೊತೆ ಪಾಲಿನ ಜಗಳ ಎಲ್ಲವನ್ನೂ ಹೇಳಿಕೊಂಡರು. ನಾನು ಎಲ್ಲದಕ್ಕೂ ‘ಹೌದಾ, ಛೆ’ ಎಂದೆ. ಮೂರನೆಯ ತಿಂಗಳಿಗೆ ಬೆಂಚಿನಿಂದ ಬಡ್ತಿ ಸಿಕ್ಕಿ ಅವರ ಪಕ್ಕದ ಗಾದಿಯ ಮೇಲೆ ಕುಳಿತೆ. ಅವರ ಬಳಗಕ್ಕೆಲ್ಲ ಅವಸರದ ರೈಲು ಟಿಕೆಟ್ ಮಾಡಿಸಿಕೊಡುವ ಕೆಲಸವೂ ನನಗೇ ಬಂತು. ನಿವೃತ್ತನಾದವನಿಗೆ ಕೌಂಟರಿನಲ್ಲಿ ಯಾವ ಬೆಲೆ ಇರುತ್ತದೆಂದು ಅವರಿಗೆ ಯಾರು ಹೇಳಬೇಕು? ಬೆಳಗಿನ ಜಾವ ಎದ್ದು ಸಾಲಿನಲ್ಲಿ ನಿಂತು, ನಾನೇ ತಯಾರು ಮಾಡಿಬಂದ ಹುಡುಗರ ಬಾಯಲ್ಲಿ ‘ಪಕ್ಕದ ಕಿಟಕಿ’ ಎನ್ನಿಸಿಕೊಂಡು ಬರುತ್ತಿದ್ದೆ.

ಅವರ ಹೆಂಡತಿ ಪಾರ್ವತಮ್ಮನವರು ಒಂದು ದಿನ ಊಟಕ್ಕೆ ಬಡಿಸುತ್ತಾ, ‘ನಂಗೆ ಒಡಹುಟ್ಟಿದೋರು ಗಂಡುಮಕ್ಳು ಯಾರೂ ಇಲ್ಲ. ಇನ್ಮೇಲೆ ನಿಮ್ಮನ್ನೇ ಅಣ್ಣ ಅಂತೀನಿ’ ಎಂದರು. ತರಬೇತಿಯಲ್ಲಿ ಹೇಳಿದ ಕುಟುಂಬ ಕಣ್ಣ ಮುಂದೆಯೇ ತಯಾರಾಗುತ್ತಿತ್ತು. ರೇಣುಕಪ್ಪನವರು ಅವತ್ತಿನಿಂದಲೇ ನನ್ನನ್ನು ‘ಭಾವ’ ಎನ್ನತೊಡಗಿದರು. ಮನೆಗೆ ಬಂದು ನನ್ನ ಹೆಂಡತಿ ವಿಮಲಳಿಗೆ ಹೇಳಿದರೆ ಅವಳು ಹೆಚ್ಚುತ್ತಿದ್ದ ಸೊಪ್ಪಿನಿಂದ ತಲೆ ಎತ್ತಲಿಲ್ಲ. ‘ಅಣ್ಣ ಆದೋರು ಗೌರಿಹಬ್ಬಕ್ಕೆ ಬಾಗಿನ ಕೊಡಬೇಕು, ಗೊತ್ತಲ್ಲ?’ ಎಂದಳು. ಗೊತ್ತಿರಲಿಲ್ಲ. ಭಾದ್ರಪದದಲ್ಲಿ ಗೊತ್ತಾಯಿತು. ಜೋಡಿ ಮೊರ, ಬಳೆ, ಅರಿಶಿನ ಕುಂಕುಮ, ಅವರ ಅಂತಸ್ತಿಗೆ ಕಡಿಮೆಯಾಗದಂಥ ಒಂದು ಸೀರೆ. ‘ದಾನಿಗಳ ಹತ್ರ ತರೋಕೆ ಅಂತ ಹೋದೋರು ನೀವು. ಇದೇನ್ರೀ, ನಾವೇ ಹೊತ್ತುಕೊಂಡು ಹೋಗ್ತಾ ಇದೀವಿ?’ ಎಂದು ವಿಮಲ ಆಟೋದಲ್ಲಿ ಕೇಳಿದಳು. ಸೀರೆಯ ಡಬ್ಬ ತೊಡೆಯ ಮೇಲಿಟ್ಟುಕೊಂಡಿದ್ದ ನಾನು, ಸಂಬಂಧ ಬೆಳೆಸುವುದಕ್ಕೆ ಸಮಯ ಹಿಡಿಯುತ್ತದೆ ಎಂದು ಹೇಳಿದೆ.

ಆದರೆ ನನ್ನ ನಿಜವಾದ ಮಹಾಪರಾಧ ಅದಕ್ಕೂ ಮುಂಚೆ, ಬೇಸಿಗೆಯಲ್ಲೇ ನಡೆದುಹೋಗಿತ್ತು. ರೇಣುಕಪ್ಪನವರ ಮಗಳ ಮದುವೆ ಬೇಲೂರಿನ ಒಂದು ಕಲ್ಯಾಣ ಮಂಟಪದಲ್ಲಿ ಆಯಿತು. ನಮ್ಮ ಕಡೆ ಮದುವೆಯಲ್ಲಿ ಮುಯ್ಯಿ ಎಂದು ಒಂದು ಪದ್ಧತಿ ಇದೆ. ಊಟ ಮುಗಿಸಿದವರು ಒಂದು ಮೇಜಿನ ಹತ್ತಿರ ಹೋಗಿ ಇಷ್ಟು ಅಂತ ಹಣ ಕೊಡುತ್ತಾರೆ, ಅಲ್ಲಿ ಕೂತವನು ಉದ್ದನೆಯ ಪುಸ್ತಕದಲ್ಲಿ ಊರು, ಹೆಸರು, ಮೊತ್ತ ಬರೆದುಕೊಳ್ಳುತ್ತಾನೆ. ಆ ಪುಸ್ತಕ ಬೀರುವಿನಲ್ಲಿ ಒಡವೆಯ ಜೊತೆ ಇರುತ್ತದೆ. ನಾಳೆ ಕೊಟ್ಟವರ ಮನೆಯಲ್ಲಿ ಶುಭಕಾರ್ಯವಾದಾಗ ಪುಸ್ತಕ ತೆಗೆದು ನೋಡಿ, ಅದರ ಮೇಲೆ ಒಂದಿಷ್ಟು ಸೇರಿಸಿ ಹಿಂತಿರುಗಿಸಬೇಕು. ಇದನ್ನು ಮರೆತವರನ್ನು ಮೂರು ತಲೆಮಾರಾದರೂ ನೆನಪಿಡುತ್ತಾರೆ. ನಾನು ಐನೂರ ಒಂದು ರೂಪಾಯಿ ಹಿಡಿದು ಸಾಲಿನಲ್ಲಿ ನಿಂತಾಗ ವಿಮಲ ಪಿಸುಗುಟ್ಟಿದಳು, ‘ನಮ್ಮ ಹೆಸರಲ್ಲೇ ಬರೆಸಿ.’ ನನಗೆ ಆಗ ಪ್ರಾಮಾಣಿಕತೆಯ ರೋಗ ಹತ್ತಿತು. ಈ ಸಂಬಂಧ ನನ್ನ ಸ್ವಂತದ್ದಲ್ಲ, ಟ್ರಸ್ಟಿನದು. ನಾಳೆ ನಾನು ಇರಲಿ ಬಿಡಲಿ, ಸಂಬಂಧ ಟ್ರಸ್ಟಿನ ಹೆಸರಲ್ಲಿ ಇರಬೇಕು ಎಂದು ಎದೆ ಉಬ್ಬಿಸಿ ಟ್ರಸ್ಟಿನ ಪೂರ್ತಿ ಹೆಸರು ಹೇಳಿದೆ. ಬರೆಯುವವನು ಪೆನ್ನು ಎತ್ತಿ ಹಿಡಿದು, ‘ಮನೆ ಯಜಮಾನ್ರ ಹೆಸರು ಸಾ?’ ಎಂದ. ‘ಅದೇ ಹೆಸರು, ಊರು ಹಳೇಬೀಡು ಅಂತ ಬರ್ಕೊಳ್ಳಿ’ ಎಂದೆ. ಬರೆದುಕೊಂಡ. ಟ್ರಸ್ಟು ಮನೆಯಾಯಿತು. ಆವತ್ತು ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ನನಗೆ ನನ್ನ ಬಗ್ಗೆ ಬಹಳ ಗೌರವವಿತ್ತು.

ಆಯುಧಪೂಜೆ ಬಂತು. ಮೊದಲ ಸೋಮವಾರ ಮಂಡಿಗೆ ಹೋದೆ. ‘ಇಲ್ಲೇನ್ ಭಾವ ಕೂತ್ಕೊಳ್ಳೋದು? ನಡೀರಿ ಮನೆಗೆ’ ಎಂದು ರೇಣುಕಪ್ಪನವರು ಎಬ್ಬಿಸಿಕೊಂಡು ಹೋದರು. ಹೋಳಿಗೆ ಊಟವಾಯಿತು. ಎಲೆಯಡಿಕೆಯೂ ಆಯಿತು. ಚೆಕ್ಕಿನ ಸುದ್ದಿ ಇಲ್ಲ. ನಾನೂ ಎತ್ತಲಿಲ್ಲ, ಕೇಳುವ ಪ್ರಸಂಗವೇ ಬರುವುದಿಲ್ಲ ಎಂದು ಬರೆದುಕೊಂಡಿದ್ದೆನಲ್ಲ. ಮುಂದಿನ ಸೋಮವಾರ ಹೋದೆ, ಒತ್ತು ಶಾವಿಗೆ. ಅದರ ಮುಂದಿನ ಸೋಮವಾರ ಕಡುಬು. ವ್ಯಾನಿನ ಡ್ರೈವರ್ ನಾಗರಾಜ ಫೋನ್ ಮಾಡಿ, ‘ಸಾರ್, ಬಂಕಿನೋರು ಇನ್ನು ಉದ್ರಿ ಕೊಡಲ್ಲ ಅಂತವ್ರೆ’ ಎಂದಾಗ ನಾನು ಕಡುಬಿನ ಮೇಲೆ ತುಪ್ಪ ಹಾಕಿಸಿಕೊಳ್ಳುತ್ತಿದ್ದೆ. ಊಟ ಹೆಚ್ಚಿದಷ್ಟೂ ನನ್ನ ಹೊಟ್ಟೆಯಲ್ಲಿ ಭಯ ಹೆಚ್ಚುತ್ತಾ ಹೋಯಿತು. ಉಪ್ಪು ತಿಂದ ಮನೆಯಲ್ಲಿ, ಅದೂ ತಂಗಿಯ ಮನೆಯಲ್ಲಿ, ಕೈ ತೊಳೆದು ಬಂದು ಅದೇ ಕೈ ಚಾಚುವುದು ಹೇಗೆ? ಹಿಂದಿನ ವರ್ಷದವರೆಗೆ ಆ ಬೆಂಚಿನ ಮೇಲೆ ಕೂತು ನಾಚಿಕೆಯಿಲ್ಲದೆ ಕೈ ಚಾಚುತ್ತಿದ್ದ ನನ್ನನ್ನು ನೆನೆದು ನನಗೇ ಹೊಟ್ಟೆಕಿಚ್ಚಾಯಿತು.

ಅದೇ ತಿಂಗಳ ಕೊನೆಗೆ ಟ್ರಸ್ಟಿನ ವಾರ್ಷಿಕೋತ್ಸವ. ಗಂಡಹೆಂಡಿರನ್ನು ಮನೆಗೆ ಹೋಗಿ ಕರೆದೆ. ರೇಷ್ಮೆ ಪಂಚೆ, ರೇಷ್ಮೆ ಸೀರೆಯಲ್ಲಿ, ಬೀಗರ ಮನೆಗೆ ಬರುವವರ ಹಾಗೆ ಬಂದರು. ಚೈತ್ರ ಕಂಬಿ ಹಿಡಿದು ನಿಂತು ಇಪ್ಪತ್ತೈದರವರೆಗೆ ಎಣಿಸಿದಳು. ಪಾರ್ವತಮ್ಮನವರು ಸೆರಗಿನಿಂದ ಕಣ್ಣು ಒರೆಸಿಕೊಂಡಿದ್ದನ್ನು ನಾನು ಕಣ್ಣಾರೆ ನೋಡಿದೆ. ಹೊರಡುವಾಗ ರೇಣುಕಪ್ಪನವರು ನಾಲ್ಕು ಮೂಲೆಗೆ ಅರಿಶಿನ ಹಚ್ಚಿದ ಒಂದು ಲಕೋಟೆಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಅರಿಶಿನ ಕಂಡಾಗಲೇ ನನಗೆ ಹೊಳೆಯಬೇಕಿತ್ತು. ಅವರ ಕಾರು ತಿರುವು ದಾಟಿದ ಮೇಲೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಒಡೆದೆ. ಸಾವಿರದ ಒಂದು ರೂಪಾಯಿ. ಲಕೋಟೆಯನ್ನು ಕೊಡವಿದೆ. ಒಳಗೆ ಎರಡು ಬೆರಳು ಹಾಕಿ ತಡಕಿದೆ. ಬೆಳಕಿಗೆ ಹಿಡಿದೂ ನೋಡಿದೆ. ಚೆಕ್ಕು ಇರಲಿಲ್ಲ. ಸಂಜೆ ಪಾರ್ವತಮ್ಮನವರೇ ಫೋನ್ ಮಾಡಿ ಸಂಶಯ ಪರಿಹರಿಸಿದರು. ‘ಅಣ್ಣಾ, ಮಗಳ ಮದುವೇಲಿ ಹಳೇಬೀಡಿನ ಮನೆಯಿಂದ ಐನೂರ ಒಂದು ಬಂದಿತ್ತು ಅಂತ ಪುಸ್ತಕದಲ್ಲಿ ಐತೆ. ನಿಮ್ಮ ಕಾರ್ಯ ಯಾವಾಗ ಬರುತ್ತೋ ಅಂತ ಕಾಯ್ತಾ ಇದ್ವಿ. ಮೇಲೆ ಐನೂರು ಸೇರಿಸಿ ಮುಟ್ಟಿಸಿದೀವಿ. ಇನ್ನು ನಮ್ಮದು ಬಾಕಿ ಇಲ್ಲ, ನೋಡಿ.’

ಎರಡು ದಿನ ಬಿಟ್ಟು, ಎದೆ ಗಟ್ಟಿ ಮಾಡಿಕೊಂಡು ಮಂಡಿಗೆ ಹೋದೆ. ಈ ಸಲ ಹಿಂದಿನ ಬೆಂಚಿನ ಮೇಲೆಯೇ ಕೂತೆ. ‘ಯಾಕ್ ಭಾವ ಅಲ್ಲಿ?’ ಎಂದರು. ನಾನು ಕೆಮ್ಮಿದೆ. ಪ್ರತಿ ವರ್ಷ ಅವರು ಮಾಡುತ್ತಿದ್ದ ದಾನದ ವಿಷಯ ಎಂದು ಶುರು ಮಾಡಿದೆ. ರೇಣುಕಪ್ಪನವರು ಕಿವಿಗೆ ಬೀಳಬಾರದ್ದು ಬಿದ್ದವರ ಹಾಗೆ ಮುಖ ಮಾಡಿದರು.

‘ದಾನ ಅನ್ಬೇಡಿ ಭಾವ. ದಾನ ಅನ್ನೋದು ಹೊರಗಿನೋರಿಗೆ ಕೊಡೋದು. ನಿಮಗೆ ದಾನ ಕೊಟ್ರೆ ಒಡಹುಟ್ಟಿದೋಳು ಸುಮ್ನಿರ್ತಾಳಾ? ಅಣ್ಣನ ಮನೆಗೆ ಭಿಕ್ಷೆ ಹಾಕ್ತೀರಾ ಅಂತಾಳೆ.’

‘ಅಲ್ಲ, ಈ ವರ್ಷದ್ದು...’

‘ಈ ವರ್ಷದ್ದು ಕೊಟ್ಟಾಯ್ತಲ್ಲ. ಯಾರೋ ಪಾಪ, ಎಲ್ಲಿಯೋರೋ ಏನೋ, ಒಂದು ಫೈಲು ಹಿಡ್ಕೊಂಡು ಬಂದಿದ್ರು. ಇದೇ ಬೆಂಚಿನ ಮೇಲೆ ಒಂದು ಗಂಟೆ ಕೂತಿದ್ರು. ಗುರುತಿಲ್ಲ, ಪರಿಚಯ ಇಲ್ಲ. ಅಂಥೋರಿಗಲ್ವಾ ಕೊಡ್ಬೇಕಾದ್ದು? ನಿಮಗೆ ಕೊಡ್ತಿದ್ದುದನ್ನೇ ಅವರಿಗೆ ಬರೆದ್ಬಿಟ್ಟೆ.’

ನನ್ನ ಬೆಂಚು, ನನ್ನ ಗಂಟೆ, ನನ್ನ ಚೆಕ್ಕು. ಆ ಅಪರಿಚಿತ ಭಾಗ್ಯವಂತ ಯಾವ ತರಬೇತಿಗೂ ಹೋಗಿರಲಿಲ್ಲ ಎಂದು ಕಾಣುತ್ತದೆ. ಇಷ್ಟಾದ ಮೇಲೂ ಎಲ್ಲ ಮುಗಿದುಹೋಗಿರಲಿಲ್ಲ, ಅದನ್ನು ನಿಮ್ಮಿಂದ ಮುಚ್ಚಿಡಬಾರದು. ರೇಣುಕಪ್ಪನವರು ಕೆಟ್ಟವರಲ್ಲ. ನನ್ನ ಮುಖ ನೋಡಿ ಅವರಿಗೆ ಏನೋ ಅನ್ನಿಸಿತು. ಕನ್ನಡಕ ತೆಗೆದು, ಹತ್ತಿರ ಬಂದು, ಗುಮಾಸ್ತರಿಗೆ ಕೇಳಿಸದ ಹಾಗೆ ದನಿ ತಗ್ಗಿಸಿದರು. ‘ಭಾವ, ವ್ಯಾನು ನಡೀತೈತೆ ತಾನೇ? ಏನಾದ್ರೂ ತೊಂದರೆ ಇದ್ರೆ ಹೇಳಿ, ಸಂಕೋಚ ಬೇಡ. ಇಲ್ಲ ನಿಮಗೇ ಸ್ವಂತಕ್ಕೆ ಏನಾದ್ರೂ ಬೇಕಾಗಿತ್ತಾ?’ ಕೇಳಿದ್ದು ಅಷ್ಟೇ. ‘ಇಲ್ಲ, ನಿಂತುಹೋಗುತ್ತೆ’ ಎಂದು ಎರಡು ಮಾತು ಹೇಳಿದ್ದರೆ ಆಗುತ್ತಿತ್ತು. ಆದರೆ ನನ್ನ ಕಿವಿಗೆ ಬಿದ್ದದ್ದು ‘ಸ್ವಂತಕ್ಕೆ’ ಎಂಬುದೊಂದೇ. ಗುಮಾಸ್ತ ತಲೆ ಎತ್ತಿ ನೋಡಿದ ಹಾಗಾಯಿತು. ಗೌರಿಯ ಬಾಗಿನ ಕೊಟ್ಟ ಅಣ್ಣ ನಾನು, ಮೂವತ್ತೆರಡು ವರ್ಷ ಕೌಂಟರಿನ ಈ ಕಡೆ ಕೂತವನು. ‘ಛೆ ಛೆ, ಏನೂ ಇಲ್ಲ. ವ್ಯಾನು ಜೋರಾಗಿ ನಡೀತಾ ಇದೆ’ ಎಂದೆ. ನಗುತ್ತಲೇ ಎಂದೆ. ಅವರಿಗೆ ಸಮಾಧಾನವಾಯಿತು. ಎಳನೀರು ತರಿಸಿದರು, ಕುಡಿದು ಬಂದೆ.

ದೀಪಾವಳಿ ಕಳೆದು ಎರಡು ವಾರಕ್ಕೆ ವ್ಯಾನು ನಿಂತಿತು. ನಾಗರಾಜ ಕೀಲಿಕೈ ತಂದು ನನ್ನ ಕೈಗಿಟ್ಟು ಜಾವಗಲ್ಲಿನ ಒಂದು ಸ್ಕೂಲಿನ ಬಸ್ಸಿಗೆ ಸೇರಿಕೊಂಡ. ಎರಡು ಮಕ್ಕಳನ್ನು ಅಪ್ಪಂದಿರು ಬೈಕಿನಲ್ಲಿ ಕರೆತರುತ್ತಾರೆ. ಮಿಕ್ಕ ಹನ್ನೆರಡು ಮಕ್ಕಳು ಮನೆಯಲ್ಲೇ ಇದ್ದಾರೆ. ಹಾಸನದ ಮೇಡಂ ಈಗ ವಾರಕ್ಕೆ ಒಂದೇ ದಿನ ಬರುತ್ತಾರೆ, ನನ್ನ ಜೊತೆ ಹೆಚ್ಚು ಮಾತಾಡುವುದಿಲ್ಲ. ವಿಮಲ ಮಾತ್ರ ದಿನಾ ಮಾತಾಡುತ್ತಾಳೆ. ‘ಹೋಗಿ ನಿಜ ಹೇಳ್ರೀ. ಅವರಿಗೆ ಗೊತ್ತೇ ಇಲ್ಲ, ಗೊತ್ತಾದ್ರೆ ಕೊಡ್ತಾರೆ’ ಎನ್ನುತ್ತಾಳೆ. ಕೊಡುತ್ತಾರೆ, ನನಗೂ ಗೊತ್ತು. ಆದರೆ ಅವತ್ತು ನಗುನಗುತ್ತಾ ಸುಳ್ಳು ಹೇಳಿದ್ದೇಕೆ ಎಂದು ಅವರು ಕೇಳಿದರೆ? ಪ್ರತಿ ಭಾನುವಾರ ಸಂಜೆ ಸೋಮವಾರ ಹೋಗುವುದೆಂದು ನಿಶ್ಚಯಿಸುತ್ತೇನೆ. ಸೋಮವಾರ ಬೆಳಿಗ್ಗೆ ಅವರಿಗೆ ಸೂರ್ಯೋದಯದ ಚಿತ್ರ ಕಳಿಸಿ ಸುಮ್ಮನಾಗುತ್ತೇನೆ. ರಾತ್ರಿ ಕಣ್ಣು ಮುಚ್ಚಿದರೆ ಆ ಹುಡುಗಿಯ ಎಣಿಕೆ ಕೇಳಿಸುತ್ತದೆ, ನಿದ್ದೆ ಹತ್ತುವುದಿಲ್ಲ. ಈ ವಯಸ್ಸಿನಲ್ಲಿ ಮನುಷ್ಯ ತನ್ನ ಬಗ್ಗೆ ತಾನೇ ಇಷ್ಟು ಅಸಹ್ಯಪಡಬಹುದು ಎಂದು ನಾನು ಎಣಿಸಿರಲಿಲ್ಲ.

ಜಯಮ್ಮ ಫೋನ್ ಮಾಡತೊಡಗಿದಳು. ಮೊದಲ ಸಲ ಎತ್ತಿದೆ. ವ್ಯಾನು ಯಾವಾಗ ಎಂದು ಕೇಳುತ್ತಾಳೆ ಎಂದು ಕಾದೆ. ಅವಳು ‘ಊಟ ಆಯ್ತಾ ಸಾ? ಅಮ್ಮಾವ್ರು ಚೆನ್ನಾಗವ್ರಾ?’ ಎಂದಳು. ಚೈತ್ರ ಬಾಗಿಲ ಚೌಕಟ್ಟು ಹಿಡಿದು ಎಂಟು ಎಣಿಸುವವರೆಗೆ ನಿಲ್ಲುತ್ತಾಳೆ ಎಂದು ಹೇಳಿದಳು. ಎಂಟು! ವ್ಯಾನಿನ ಮಾತನ್ನು ಅವಳು ಎತ್ತಲೇ ಇಲ್ಲ. ಅದು ನನಗೆ ಬೈಗುಳಕ್ಕಿಂತ ಹೆಚ್ಚಾಯಿತು. ಮುಂದಿನ ವಾರ ಅವಳ ಹೆಸರು ಕಂಡಾಗ ಫೋನನ್ನು ದಿಂಬಿನ ಕೆಳಗೆ ತುರುಕಿದೆ. ಅದರ ಮುಂದಿನ ವಾರ ವಿಮಲಳ ಕೈಗೆ ಕೊಟ್ಟು ಕೈಸನ್ನೆ ಮಾಡಿದೆ. ವಿಮಲ ನನ್ನನ್ನು ಸುಡುವ ಹಾಗೆ ನೋಡಿ, ‘ಅವರಿಗೆ ಜ್ವರ ಕಣಮ್ಮ, ಮಲಗಿದಾರೆ’ ಎಂದಳು.

ಮೂರನೆಯ ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಗೇಟಿನ ಸದ್ದಾಯಿತು. ಕಿಟಕಿಯಿಂದ ನೋಡಿದರೆ ಜಯಮ್ಮ. ಸೊಂಟದ ಮೇಲೆ ಚೈತ್ರ, ಇನ್ನೊಂದು ಕೈಯಲ್ಲಿ ತುಂಬಿದ ಚೀಲ. ಹುಲಿಕೆರೆಯಿಂದ ಹಳೇಬೀಡು, ಹಳೇಬೀಡಿನಿಂದ ಅರಸೀಕೆರೆ, ಬಸ್ ಸ್ಟ್ಯಾಂಡಿನಿಂದ ನಮ್ಮ ಮನೆ. ಏಳು ವರ್ಷದ ಹುಡುಗಿಯನ್ನು ಹೊತ್ತುಕೊಂಡು ಬಂದಿದ್ದಾಳೆ. ನಾನು ಓದುತ್ತಿದ್ದ ಪೇಪರನ್ನು ಬಿಸಾಡಿ, ಹಾಸಿಗೆಗೆ ಹಾರಿ, ಕಂಬಳಿಯನ್ನು ಕುತ್ತಿಗೆಯವರೆಗೆ ಎಳೆದುಕೊಂಡೆ. ನಿವೃತ್ತಿಯಾದ ಮೇಲೆ ನಾನು ಮಾಡಿದ ಅತ್ಯಂತ ಚುರುಕಾದ ಕೆಲಸ ಅದು.

‘ಏಳ್ಬೇಡಿ ಸಾ, ಮಲೀಕಳಿ’ ಎನ್ನುತ್ತಾ ಜಯಮ್ಮ ಒಳಗೆ ಬಂದಳು. ‘ಉಸಾರಿಲ್ಲ ಅಂತ ಅಮ್ಮಾವ್ರು ಅಂದ್ರಲ್ಲ, ಜೀವ ತಡೀಲಿಲ್ಲ, ಬಂದ್ಬುಟ್ಟೆ. ಇವ್ಳೂ ಸಾರ್‌ನ ನೋಡ್ಬೇಕು ಅಂತ ಒಂದೇ ಹಟ.’ ಚೈತ್ರಳನ್ನು ಹಾಸಿಗೆಯ ಅಂಚಿಗೆ ಕೂರಿಸಿದಳು. ಹುಡುಗಿಯ ಕಾಲುಗಳು ಕತ್ತರಿಯ ಹಾಗೆ ಒಂದರ ಮೇಲೊಂದು ಬಿಗಿದಿದ್ದವು. ನಾನು ಮೇಲಿನ ಫ್ಯಾನನ್ನು ನೋಡತೊಡಗಿದೆ. ಚೈತ್ರ ವಾಲಿಕೊಂಡು ಬಂದು ಅಂಗೈಯನ್ನು ನನ್ನ ಹಣೆಯ ಮೇಲಿಟ್ಟಳು. ಬಹಳ ಹೊತ್ತು ಇಟ್ಟಿದ್ದಳು.

‘ಅಮ್ಮಾ, ಬಿಸೀನೇ ಇಲ್ಲ’ ಎಂದಳು.

‘ಬಿಟ್ಟೈತೆ ಕಣೇ, ಸುಮ್ಕಿರು’ ಎಂದಳು ಜಯಮ್ಮ. ನನ್ನನ್ನು ನೋಡಲಿಲ್ಲ. ವಿಮಲ ಕೊಟ್ಟ ಕಾಫಿಯನ್ನು ನಿಂತೇ ಕುಡಿದಳು. ‘ನಮ್ ಹೊಲದ ಅವರೆಕಾಯಿ ಅಮ್ಮಾ, ಬೆಳಗಾತ ಕಿತ್ತಿದ್ದು, ಸೊಗಡು ಚೆನ್ನಾಗೈತೆ. ಸಾರ್‌ಗೆ ಬಾಯಿ ಕೆಟ್ಟಿರ್ತದೆ, ಸಾರು ಮಾಡ್ಕೊಡಿ’ ಎಂದು ಚೀಲವನ್ನು ಗೋಡೆಗೆ ಒರಗಿಸಿದಳು. ಹನ್ನೊಂದೂವರೆಯ ಬಸ್ಸಿಗೆ ಹೋಗಬೇಕೆಂದು ಹುಡುಗಿಯನ್ನು ಮತ್ತೆ ಸೊಂಟಕ್ಕೇರಿಸಿಕೊಂಡಳು. ‘ಬತ್ತೀವಿ ಸಾ, ಮೈ ಜೋಪಾನ’ ಎಂದಳು. ಆಗಲೂ ವ್ಯಾನಿನ ವಿಚಾರ ಕೇಳಲಿಲ್ಲ.

ಅವರು ಹೋದ ಮೇಲೂ ನಾನು ಏಳಲಿಲ್ಲ. ವಿಮಲ ಮಧ್ಯಾಹ್ನವೆಲ್ಲ ಒಬ್ಬಳೇ ಕೂತು ಕಾಯಿ ಸುಲಿದಳು. ಸಂಜೆ ಮುದ್ದೆ ಮಾಡಿ, ಅವರೆಕಾಳಿನ ಸಾರು ಬಡಿಸಿದಳು. ಸಾರು ಬಹಳ ರುಚಿಯಾಗಿತ್ತು. ತಲೆ ತಗ್ಗಿಸಿಕೊಂಡು ಉಂಡೆ, ಇನ್ನೊಂದು ಸೌಟು ಹಾಕು ಎಂದೆ. ಅವಳು ಸೌಟನ್ನು ಪಾತ್ರೆಯಲ್ಲೇ ಹಿಡಿದು ನಿಲ್ಲಿಸಿದಳು.

‘ನಾಳೆ ಮಂಡಿಗೆ ಹೋಗಿ ನಿಜ ಹೇಳ್ತೀರೋ ಇಲ್ವೋ?’ ಎಂದಳು.

‘ಹೋಗ್ತೀನಿ, ಜ್ವರ ಬಿಡಲಿ’ ಎಂದೆ.